ಶೆಫೀಲ್ಡ್ ರೈಲ್ವೆ ಸ್ಟೇಷನ್ ಕೆಳಗಿನ ಇಟ್ಟಿಗೆ ಮೋರಿ: ಫೋಟೋ, ಲೈಟಿಂಗ್, ಗೋಡೆ ಓದೋದು

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಶೆಫೀಲ್ಡ್ ಸ್ಟೇಷನ್ನಲ್ಲಿ ರೈಲು ಇಳಿದು ಟ್ಯಾಕ್ಸಿ ಕಡೆ ಓಡೋ ಜನಕ್ಕೆ ಕಾಲಡಿಲಿ ಎರಡು ಹೊಳೆ ಸೇರ್ತಿದಾವೆ ಅಂತ ಹೇಳಿದ್ರೆ ನಂಬಲ್ಲ. ಒಂದು ಶೀಫ್ ನದಿ, ಊರಿಗೆ ಹೆಸರು ಬಂದಿದ್ದೇ ಅದರಿಂದ, ಇನ್ನೊಂದು ಪೋರ್ಟರ್ ಬ್ರೂಕ್. 1870ರಲ್ಲಿ ಮಿಡ್‌ಲ್ಯಾಂಡ್ ರೈಲ್ವೆಯವರು ಈ ಸ್ಟೇಷನ್ ತೆರೆದಾಗ ಜಾಗಕ್ಕೋಸ್ಕರ ಎರಡನ್ನೂ ಕಮಾನಿನ ಕೆಳಗೆ ಹಾಕಿ ಮೇಲೆ ಹಳಿ ಎಳೆದ್ರು. ಅಲ್ಲಿಂದ ಮುಂದೆ ಶೀಫ್ ಊರ ಮಧ್ಯದಲ್ಲಿ ಹೆಚ್ಚುಕಮ್ಮಿ ಕತ್ತಲಲ್ಲೇ ಹರಿದು ಬ್ಲಾಂಕ್ ಸ್ಟ್ರೀಟ್ ಸೇತುವೆ ಹತ್ರ ಡಾನ್ ನದಿಗೆ ಸೇರುತ್ತೆ. ಸುರಂಗ ಸುತ್ತೋ ಹವ್ಯಾಸ ಇರೋರು ಈ ಮೋರಿಗೆ ಮೆಗಾಟ್ರಾನ್ ಅಂತ ಹೆಸರಿಟ್ಟಿದಾರೆ, ಈಗ ಊರವರೂ ಹಾಗೇ ಕರೀತಾರೆ.

ಗೈಡ್ ಜೊತೆ, ಪರ್ಮಿಷನ್ ಇದ್ದ ಗುಂಪಿನಲ್ಲಿ ಒಳಗೆ ಹೋಗಿ ತೆಗೆದ ಫೋಟೋಗಳನ್ನ ಆಲ್ಬಂನಲ್ಲಿ ಹಾಕಿದೀನಿ. ಆದರೆ ಈ ಥ್ರೆಡ್ ಶುರು ಮಾಡಿದ್ದು ಬರೀ ಫೋಟೋ ತೋರ್ಸೋಕಲ್ಲ. ನೆಟ್‌ನಲ್ಲಿ ಮೆಗಾಟ್ರಾನ್ ಅಂತ ಹುಡುಕಿದ್ರೆ ಬರೋ ಚಿತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ: ದೂರದಲ್ಲಿ ಒಬ್ಬ ಮನುಷ್ಯನ ನೆರಳು, ಅವನ ಹಿಂದೆ ಜೋರು ಟಾರ್ಚು, ಸುತ್ತ ಕಮಾನು. ನೋಡೋಕೆ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದರೆ ಆ ಫೋಟೋ ಯಾವ ಊರಿನ ಯಾವ ಮೋರಿದು ಬೇಕಾದ್ರೂ ಆಗಿರಬಹುದು. ಗೋಡೆಲಿ ಏನಿದೆ ಅಂತ ಕಾಣೋದೇ ಇಲ್ಲ.

ಒಳಗೆ ನಿಂತು ನೋಡಿದ್ರೆ ಇದು ಒಂದು ಸಲಕ್ಕೆ ಒಬ್ಬರು ಕಟ್ಟಿದ್ದಲ್ಲ ಅನ್ನೋದು ಕಣ್ಣಿಗೇ ಗೊತ್ತಾಗುತ್ತೆ. ಒಂದು ಕಡೆ ಕಲ್ಲಿನ ಗೋಡೆ ಮೇಲೆ ಇಟ್ಟಿಗೆ ಕಮಾನು ಕೂತಿದೆ, ಸ್ವಲ್ಪ ಮುಂದೆ ಹೋದ್ರೆ ಕಮಾನಿನ ಎತ್ತರಾನೇ ಬದಲಾಗುತ್ತೆ, ಆಮೇಲೆ ಕಬ್ಬಿಣದ ಗರ್ಡರ್, ಅದಾದ್ಮೇಲೆ ಕಾಂಕ್ರೀಟ್ ಸ್ಲ್ಯಾಬ್. ಮೇಲೆ ಜಾಗ ಯಾರದ್ದಿತ್ತೋ ಅವರು ತಮ್ಮ ಪಾಲಿನ ಹೊಳೆನ ತಮಗೆ ಬೇಕಾದಾಗ ಮುಚ್ಚಿದಾರೆ. ಒಂದು ತುಂಡು ಮುಗಿದು ಇನ್ನೊಂದು ಶುರುವಾಗೋ ಜಾಗದಲ್ಲಿ ನೇರ ಗೆರೆ ಎಳೆದಂಗೆ ಒಂದು ಸಂದು ಇರುತ್ತೆ, ಇಟ್ಟಿಗೆಗಳು ಒಂದಕ್ಕೊಂದು ಹಲ್ಲು ಕಚ್ಚಿಕೊಂಡಿರಲ್ಲ. ನನಗೆ ಇಡೀ ಸುರಂಗದಲ್ಲಿ ಅತೀ ಮುಖ್ಯ ಅನ್ಸೋದು ಆ ಸಂದುಗಳು. ಅವು ಫೋಟೋದಲ್ಲಿ ಬರಬೇಕು. ಹಿಂದಿನಿಂದ ಲೈಟ್ ಹೊಡೆದ್ರೆ ಅವು ಯಾವತ್ತೂ ಬರಲ್ಲ.

ನಾನು ಮಾಡಿದ್ದು ಇಷ್ಟೇ. ಚಿಕ್ಕ ಎಲ್‌ಇಡಿ ಪ್ಯಾನೆಲ್ ಒಂದನ್ನ ಗೋಡೆಗೆ ತೀರಾ ಹತ್ರ, ಗೋಡೆ ಉದ್ದಕ್ಕೂ ಬೆಳಕು ಸವರಿಕೊಂಡು ಹೋಗೋ ಥರ ಓರೆಯಾಗಿ ಇಡೋದು. ಆಗ ಮುಂದೆ ಚಾಚಿರೋ ಪ್ರತಿ ಇಟ್ಟಿಗೆಗೂ ಒಂದು ಸಣ್ಣ ನೆರಳು ಬರುತ್ತೆ, ಗಾರೆ ಉದುರಿ ಹೋಗಿರೋ ಜಾಗ ಕಪ್ಪಾಗಿ ಕಾಣುತ್ತೆ, ಸಂದು ಎದ್ದು ಬರುತ್ತೆ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹೊಡೆದ್ರೆ ಇದಕ್ಕೆ ಪೂರ್ತಿ ಉಲ್ಟಾ, ಎಲ್ಲಾ ಸಪಾಟು ಕೆಂಪು. ಆಲ್ಬಂನಲ್ಲಿ ಒಂದೇ ಗೋಡೆಯ ಎರಡು ಫೋಟೋ ಪಕ್ಕಪಕ್ಕ ಹಾಕಿದೀನಿ, ಹೋಲಿಸಿ ನೋಡಿ.

ಗೋಡೆ ಓದೋಕೆ ಬರೋರು, ಸಿವಿಲ್‌ನವರು, ಯಾರಾದ್ರೂ ಇದ್ರೆ ದಯವಿಟ್ಟು ಬಾಯಿ ಬಿಡಿ. ನನಗೆ ಕಾಣಿಸ್ತಿರೋದಕ್ಕಿಂತ ಜಾಸ್ತಿ ಈ ಚಿತ್ರಗಳಲ್ಲಿದೆ ಅಂತ ಬಲವಾಗಿ ಅನ್ಸುತ್ತೆ.

ಬೆಳಕಿನಬೇಟೆ:

ಸೂಪರ್ ಸರ್. ಪಕ್ಕದ ಲೈಟಿನ ಫೋಟೋ ನೋಡಿದ್ಮೇಲೆ ಇನ್ನೊಂದು ನೋಡೋಕಾಗ್ತಿಲ್ಲ. ಎಕ್ಸ್‌ಪೋಶರ್ ಎಷ್ಟು ಇಟ್ಟಿದ್ರಿ? ಮತ್ತೆ ನೀರೊಳಗೆ ಟ್ರೈಪಾಡ್ ನಿಲ್ಲುತ್ತಾ? ನಾನು ಒಂದ್ಸಲ ಕಾವೇರಿಲಿ ಮೊಣಕಾಲುದ್ದ ನೀರಲ್ಲಿ ಇಟ್ಟು ನೋಡಿದೀನಿ, ಎಲ್ಲಾ ಫೋಟೋನೂ ಅಲುಗಾಡಿತ್ತು.

ತುಂಗಾತೀರ:

@ಬೆಳಕಿನಬೇಟೆ ಗೋಡೆ ಫೋಟೋಗೆಲ್ಲ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್ (ಲೆನ್ಸ್ ಕಿಂಡಿ ಅಳತೆ) 8, ಟೈಮು 15ರಿಂದ 30 ಸೆಕೆಂಡು. ಅಷ್ಟು ಹೊತ್ತು ಬಿಟ್ರೆ ನೀರು ಹಾಲಿನ ಥರ ನುಣ್ಣಗಾಗುತ್ತೆ, ಗೋಡೆ ನೋಡೋದಕ್ಕೆ ಅದು ತೊಂದ್ರೆ ಇಲ್ಲ. ಆದರೆ ನೀರು ಹೇಗೆ ಹರೀತಿದೆ, ಎಲ್ಲಿ ಸುಳಿ ತಿರುಗ್ತಿದೆ, ಎಲ್ಲಿ ಕಲ್ಲುರಾಶಿ ಕೂತಿದೆ ಅಂತ ಕಾಣಬೇಕು ಅಂದ್ರೆ ಐಎಸ್ಒ 800ಕ್ಕೆ ಏರಿಸಿ, ಎಫ್ 4ಕ್ಕೆ ತೆರೆದು ಅರ್ಧ ಸೆಕೆಂಡಿಗೆ ಇಳೀಬೇಕು. ಎರಡೂ ಬೇರೆ ಬೇರೆ ಫೋಟೋನೇ, ಒಂದರಲ್ಲೇ ಎರಡೂ ಬರಲ್ಲ.

ಟ್ರೈಪಾಡ್ ವಿಷ್ಯಕ್ಕೆ, ಮಧ್ಯದ ಕಂಬ ಮೇಲೆತ್ತಲೇಬೇಡಿ. ದಪ್ಪ ಕಾಲು ಮಾತ್ರ ನೀರಲ್ಲಿರ್ಲಿ, ಸಣ್ಣ ಕಾಲು ಎಳೆದಷ್ಟೂ ಹರಿವಿಗೆ ನಡುಗುತ್ತೆ. ಒಂದು ಕಾಲು ಹರಿವು ಬರೋ ಕಡೆಗೆ ಮುಖ ಮಾಡಿರ್ಲಿ, ಜಲ್ಲಿ ಒಳಗೆ ಚೆನ್ನಾಗಿ ಅದುಮಿ. ಬಯಲಲ್ಲಿ ಮಾಡೋ ಹಂಗೆ ಕೆಳಗೆ ಬ್ಯಾಗ್ ನೇತುಹಾಕಬೇಡಿ, ನೀರು ಬ್ಯಾಗಿಗೆ ಬಡಿದು ಇಡೀ ಟ್ರೈಪಾಡ್ ಅಲ್ಲಾಡುತ್ತೆ. ಸ್ಟೆಬಿಲೈಸೇಶನ್ ಆಫ್, ಎರಡು ಸೆಕೆಂಡ್ ಟೈಮರ್. ಕತ್ತಲಲ್ಲಿ ಆಟೋಫೋಕಸ್ ಹುಡುಕ್ತಾನೇ ಇರುತ್ತೆ, ಅದಕ್ಕೆ ಒಂದು ಇಟ್ಟಿಗೆ ಅಂಚಿಗೆ ಟಾರ್ಚ್ ಬಿಟ್ಟು ಫೋಕಸ್ ಮಾಡಿ ಮ್ಯಾನುಯಲ್‌ಗೆ ಹಾಕಿಬಿಡಿ.

ಇನ್ನೊಂದು, ಗುಂಪಲ್ಲಿರೋ ಎಲ್ಲರ ಹಣೆ ಟಾರ್ಚೂ ಆರಿಸಿ ಅಂತ ಕೇಳ್ಕೊಳ್ಳಿ. ಒಬ್ಬರದ್ದು ಹಳದಿ ಬೆಳಕು, ಇನ್ನೊಬ್ಬರದ್ದು ನೀಲಿ ಬೆಳಕು, ಅದೆಲ್ಲ ಸೇರಿದ್ರೆ ಇಟ್ಟಿಗೆ ಬಣ್ಣ ಆಮೇಲೆ ಕಂಪ್ಯೂಟರಲ್ಲಿ ಏನು ಮಾಡಿದ್ರೂ ಸರಿ ಆಗಲ್ಲ. ಇಲ್ಲಿ ಬಣ್ಣ ಮುಖ್ಯ, ಯಾಕಂದ್ರೆ ಕೆಂಪು ಇಟ್ಟಿಗೆ ಮಧ್ಯೆ ಕಡುನೀಲಿ ಬಣ್ಣದ ಗಟ್ಟಿ ಇಟ್ಟಿಗೆ ಬಂತು ಅಂದ್ರೆ ಅದು ಬೇರೆ ಕೆಲಸ ಅಂತ ಲೆಕ್ಕ. ಆಮೇಲೆ ಬಣ್ಣ ಸರಿ ಹೊಂದಿಸೋಕೆ ಬೂದು ಕಾರ್ಡ್ ಒಂದನ್ನ ಮೊದಲ ಫ್ರೇಮಲ್ಲಿ ಹಿಡಿದು ತೆಗೆದಿಟ್ಕೊಳ್ಳಿ, ಫೈಲು ರಾ ಫಾರ್ಮ್ಯಾಟಲ್ಲೇ (ಕ್ಯಾಮೆರಾ ತಿದ್ದದೆ ಇರೋ ಮೂಲ ಫೈಲು) ಇರ್ಲಿ.

ನೀಲಿ_ಕೊಡೆ:

ಫೋಟೋ ನಿಜವಾಗ್ಲೂ ಚೆನ್ನಾಗಿದೆ, ಆದ್ರೆ ಓದ್ತಾ ಓದ್ತಾ ನನಗೆ ಭಯ ಆಯ್ತು. ನಾನು ಡಾಕ್ಟರು, ಉಡುಪಿ ಕಡೆಯವಳು, ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡೋರಿಗೆ ಇಲಿ ಜ್ವರ ಬಂದು ಕಿಡ್ನಿ ಹೋಗೋದನ್ನ ಎಷ್ಟೋ ನೋಡಿದೀನಿ. ಇಲಿ ಮೂತ್ರ ಸೇರಿರೋ ನೀರು ಕಾಲಿನ ಸಣ್ಣ ಗಾಯಕ್ಕೆ ತಾಗಿದ್ರೂ ಸಾಕು, ಕಣ್ಣಿಗೆ ಹಾರಿದ್ರೂ ಸಾಕು. ಊರ ಕೆಳಗಿನ ಮೋರಿಲಿ ಇಲಿ ಇಲ್ದೆ ಇರುತ್ತಾ? ಇಂಗ್ಲೆಂಡಾದ್ರೂ ಅಷ್ಟೇ, ಎಲ್ಲಾದ್ರೂ ಅಷ್ಟೇ. ಕೈಗೆ ಗ್ಲೌಸ್, ಗಾಯ ಇದ್ರೆ ವಾಟರ್‌ಪ್ರೂಫ್ ಪಟ್ಟಿ, ಹೊರಗೆ ಬಂದು ಸೋಪಲ್ಲಿ ಕೈ ತೊಳೆಯೋವರೆಗೂ ಏನೂ ತಿನ್ನಬಾರದು, ಸಿಗರೇಟೂ ಮುಟ್ಟಬಾರದು. ಆಮೇಲೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಬಂದ್ರೆ ಡಾಕ್ಟರ ಹತ್ರ "ನಾನು ಇಂಥಾ ನೀರಿಗೆ ಇಳಿದಿದ್ದೆ" ಅಂತ ಬಾಯಿಬಿಟ್ಟು ಹೇಳಿ. ಹೇಳದೆ ಇದ್ರೆ ಅವರು ಫ್ಲೂ ಅಂದ್ಕೊಂಡು ಕಳಿಸ್ತಾರೆ. ಬೇಗ ಗೊತ್ತಾದ್ರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ಗೆ ವಾಸಿ ಆಗೋ ಕಾಯಿಲೆ ಇದು.

ಗಾಳಿದು ಹೇಗೆ? ಮ್ಯಾನ್‌ಹೋಲಲ್ಲಿ ಇಳಿದು ಸತ್ತೋದ್ರು ಅಂತ ನಮ್ಮಲ್ಲಿ ಪೇಪರಲ್ಲಿ ಓದ್ತಾನೇ ಇರ್ತೀವಲ್ಲ.

ತುಂಗಾತೀರ:

@ನೀಲಿ_ಕೊಡೆ ಮೇಡಂ, ತುಂಬಾ ಥ್ಯಾಂಕ್ಸ್, ಇದನ್ನ ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ. ಗಾಳಿ ವಿಷಯ: ಇದು ಹೊಳೆ ಹರಿಯೋ ಮೋರಿ, ಎರಡೂ ತುದಿ ತೆರೆದಿದೆ, ನೀರಿನ ಜೊತೆ ಗಾಳಿನೂ ಓಡಾಡುತ್ತೆ. ಕೊಳಚೆ ನೀರಿನ ಮುಚ್ಚಿದ ಕೊಳವೆ ಬೇರೆ ಕಥೆ, ಅಲ್ಲಿ ಹೈಡ್ರೋಜನ್ ಸಲ್ಫೈಡ್ ಕೂತಿರುತ್ತೆ, ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಪ್ರಮಾಣ ಜಾಸ್ತಿ ಆದ್ರೆ ಮೂಗಿಗೆ ವಾಸನೆ ಗೊತ್ತಾಗೋದೇ ನಿಂತೋಗುತ್ತೆ, ಆಮೇಲೆ ಮನುಷ್ಯ ಬಿದ್ದೋಗ್ತಾನೆ. ಹಂಗಂತ ಹೊಳೆ ಮೋರಿಲಿ ನಿಶ್ಚಿಂತೆ ಅಂತಲ್ಲ. ಜೋರು ಮಳೆ ಬಂದಾಗ ಚರಂಡಿ ಉಕ್ಕಿ ಪಕ್ಕದ ಕೊಳವೆಗಳಿಂದ ಇದಕ್ಕೇ ಬೀಳುತ್ತೆ. ನಮ್ಮ ಗೈಡ್ ಸೊಂಟಕ್ಕೆ ನಾಲ್ಕು ಅನಿಲ ತೋರ್ಸೋ ಮೀಟರ್ ಕಟ್ಕೊಂಡೇ ಇದ್ರು, ಪಕ್ಕದ ಕೊಳವೆ ಯಾವುದಕ್ಕೂ ತಲೆ ಹಾಕೋಕೆ ಬಿಡಲಿಲ್ಲ.

ಗಾಳಿಗಿಂತ ದೊಡ್ಡ ಅಪಾಯ ನೀರು. ಶೀಫ್ ಹುಟ್ಟೋದು ಟೋಟ್ಲಿ ಬ್ರೂಕ್, ಓಲ್ಡ್ ಹೇ ಬ್ರೂಕ್ ಎರಡು ಸೇರಿ, ಪೋರ್ಟರ್ ಹುಟ್ಟೋದು ಮೇಲೆ ಬರ್ಬೇಜ್ ಬಯಲ ಕಡೆ ರಿಂಗಿಂಗ್‌ಲೋ ಹತ್ರ. ಎಲ್ಲಾ ಕಡಿದಾದ ಇಳಿಜಾರು, ಮಧ್ಯೆ ಮನೆ, ರಸ್ತೆ, ಡಾಂಬರು. ಗುಡ್ಡದ ಮೇಲೆ ಮಳೆ ಹೊಡೆದ್ರೆ ಊರೊಳಗೆ ಬಿಸಿಲಿದ್ರೂ ನೀರು ಏರುತ್ತೆ, ಮೋರಿ ಒಳಗಿರೋನಿಗೆ ಆಕಾಶ ಕಾಣಲ್ಲ. 2007ರ ಜೂನ್ 25ರಂದು ಇದೇ ಊರಲ್ಲಿ ಪ್ರವಾಹ ಬಂದು ಇಬ್ಬರು ಸತ್ತಿದಾರೆ. ಇಲ್ಲಿ ಸರ್ಕಾರದ ವೆಬ್‌ಸೈಟಲ್ಲಿ ನದಿ ಮಟ್ಟ 15 ನಿಮಿಷಕ್ಕೊಂದು ಅಳತೆ ಥರ ಸಿಗುತ್ತೆ. ಗೈಡ್ ಅದನ್ನ ಹಿಂದಿನ ದಿನದಿಂದ ನೋಡ್ತಿದ್ರು, ಒಂದ್ಸಲ ಗೆರೆ ಮೇಲಕ್ಕೆ ತಿರುಗಿತು ಅಂತ ಕೊನೇ ಗಳಿಗೆಲಿ ಕ್ಯಾನ್ಸಲ್ ಮಾಡಿದ್ರು. ಬೇಜಾರಾಯ್ತು ನಿಜ, ಆದರೆ ಆ ಮನುಷ್ಯನ ಮೇಲೆ ನನಗೆ ನಂಬಿಕೆ ಬಂದಿದ್ದೇ ಆವತ್ತು.

ಯಾರೂ ಒಬ್ಬರೇ ಹೋಗಬೇಡಿ, ದಾರಿ ಕೇಳಿ ಮೆಸೇಜ್ ಮಾಡಬೇಡಿ, ಹೇಳಲ್ಲ. ಮೇಲಿರೋದು ರೈಲ್ವೆ ಜಾಗ, ಈ ದೇಶದಲ್ಲಿ ರೈಲ್ವೆ ಜಾಗಕ್ಕೆ ಅನುಮತಿ ಇಲ್ದೆ ಕಾಲಿಟ್ರೆ ಅದು ಕ್ರಿಮಿನಲ್ ಅಪರಾಧ, ವೀಸಾ ಮೇಲಿರೋ ನಮ್ಮ ಹುಡುಗರು ಅದನ್ನ ನೆನಪಿಟ್ಕೊಳ್ಳಿ.

ಕಮಾನುಕಟ್ಟೆ:

ತುಂಗಾತೀರ ಅವರ, ಫೋಟೋ ಭಾರಿ ಬಂದಾವ್ರಿ. ನಾ ಧಾರವಾಡದಾಂವ, ಸಿವಿಲ್, ಹಳೇ ಕಮಾನು ಸೇತುವೆ ಇನ್‌ಸ್ಪೆಕ್ಷನ್ ಮಾಡೂದ ನನ್ನ ಕೆಲಸ. ನೀವು ಬಾಯಿ ಬಿಡ್ರಿ ಅಂದೀರಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲು ಕಮಾನಿನ ಅಂಚು ಕಾಣೂ ಫೋಟೋ ನೋಡ್ರಿ, ಎತ್ತರ ಬದಲಾಗೂ ಜಾಗದಾಗ ತಗದೀರಲ್ಲ ಅದು. ಅಲ್ಲಿ ಕಮಾನು ಒಂದ ದಪ್ಪನ ಇಟ್ಟಿಗಿ ಅಲ್ಲ, ಉಳ್ಳಾಗಡ್ಡಿ ಪದರಿನಂಗ ಒಂದರ ಮ್ಯಾಲ ಒಂದು ಅರ್ಧ ಇಟ್ಟಿಗಿ ದಪ್ಪದ ಸುತ್ತು ಕಾಣ್ತಾವ. ಹಿಂಗ ಕಟ್ಟೂದು ಸಲೀಸು. ಕೆಳಗ ಕಟ್ಟಿಗಿ ಸೆಂಟ್ರಿಂಗ್ ನಿಲ್ಲಿಸಿ, ಒಂದು ಸುತ್ತು ಮುಗಿಸಿದ್ರ ಅದು ತನ್ನ ತಾನ ನಿಲ್ತೈತಿ, ಆಮ್ಯಾಲೆ ಅದರ ಮ್ಯಾಲ ಎರಡನೇದು. ಖೋಡಿ ಏನಂದ್ರ, ಸುತ್ತುಗಳ ನಡುವ ಕೂಡಿಸೂದು ಬರೇ ಗಾರಿ. ನೂರಾರು ವರ್ಷ ನೀರು ಇಳದು ಇಳದು ಆ ಗಾರಿ ಸವದ್ರ ಸುತ್ತು ಬಿಟ್ಕೊಳ್ತಾವ. ಕಣ್ಣಿಗೆ ಕಾಣೂದಿಲ್ಲ. ಹ್ಯಾಮರ್ ತಗೊಂಡು ಬಡದ್ರ ಟೊಳ್ಳು ಸಪ್ಪಳ ಬರ್ತೈತಿ, ಅದರಿಂದ ಗೊತ್ತು ಹಿಡೀತೀವಿ. ನಿಮ್ಮ ಪಕ್ಕದ ಲೈಟಿನಾಗ ಒಂದು ಕಡೆ ಕೆಳಗಿನ ಸುತ್ತು ಸ್ವಲ್ಪ ಹೊಟ್ಟಿ ಬಿಟ್ಟಂಗ ನೆಳ್ಳು ಬಂದೈತಿ. ಎದುರಿಂದ ಫ್ಲ್ಯಾಶ್ ಹೊಡದಿದ್ರ ಅದು ಕಾಣ್ತಿರಲಿಲ್ಲ. ಇನ್‌ಸ್ಪೆಕ್ಷನ್ನದಾಗ ನಾವೂ ಹಿಂಗ ಓರೆ ಟಾರ್ಚ್ ಹಿಡೀತೀವ್ರಿ, ಅದಕ್ಕ ನಿಮ್ಮ ಫೋಟೋ ನೋಡಿ ಖುಷಿ ಆತು.

ಎರಡನೇದು, ಗ್ವಾಡಿಯೊಳಗ ಇಟ್ಟಿಗಿ ಸಾಲು. ಒಂದು ಸಾಲಿನಾಗ ಇಟ್ಟಿಗಿಯ ಉದ್ದನ ಮಗ್ಗಲು ಕಾಣ್ತೈತಿ, ಅದರ ಮ್ಯಾಲಿನ ಸಾಲಿನಾಗ ಬರೇ ತಲಿ, ಅಂದ್ರ ಗಿಡ್ಡ ತುದಿ, ಮತ್ತ ಉದ್ದ. ಇದಕ್ಕ ಇಂಗ್ಲಿಷ್ ಬಾಂಡ್ ಅಂತಾರ, ನಮ್ಮ ಪಿಡಬ್ಲ್ಯುಡಿಯವರೂ ಇದನ್ನ ಕಲಿಸ್ಯಾರ, ಭಾರ ಹೊರೂ ಗ್ವಾಡಿಗೆ ಇದ ಗಟ್ಟಿ. ಆದ್ರ ನಿಮ್ಮ ಇನ್ನೊಂದು ಫೋಟೋದಾಗ ಉದ್ದನ ಸಾಲು ಮೂರ್ನಾಲ್ಕು ಬಂದಾದ್ಮ್ಯಾಲೆ ಒಂದು ತಲಿ ಸಾಲು ಐತಿ. ಅದು ಬ್ಯಾರೆ ಮೇಸ್ತ್ರಿ, ಬ್ಯಾರೆ ರೊಕ್ಕ. ತಲಿ ಸಾಲು ಕಡಿಮಿ ಆದಷ್ಟು ಕೆಲಸ ಲಗೂನ ಆಗ್ತೈತಿ.

ಬಿಳೇ ಕಡ್ಡಿ ಹಂಗ ಜೋತು ಬಿದ್ದಾವಲ್ಲ, ಯಾರೋ ಆಲ್ಬಂದಾಗ ಕೇಳ್ಯಾರ. ಅದು ಗಾರಿಯೊಳಗಿನ ಸುಣ್ಣ ನೀರಿನಾಗ ಕರಗಿ ಬಂದು ಗಾಳಿ ತಾಗಿ ಮತ್ತ ಗಟ್ಟಿ ಆಗೂದು. ಗುಹೆಯೊಳಗಿನ ಕಲ್ಲಿಗಿಂತ ಭಾಳ ಲಗೂ ಬೆಳೀತಾವ. ನೋಡ್ಲಿಕ್ಕೆ ಚೆಂದ, ಆದ್ರ ಅವು ಎಲ್ಲಿ ಅದಾವೋ ಅಲ್ಲಿ ಮ್ಯಾಲಿಂದ ನೀರು ಸೋರಿ ಗಾರಿ ಖಾಲಿ ಆಗ್ತೈತಿ ಅಂತ ಅರ್ಥ. ಅವುಗಳ ಜಾಗ ಗುರುತು ಮಾಡಿ ಇಟ್ಕೋರಿ.

ತುಂಗಾತೀರ:

@ಕಮಾನುಕಟ್ಟೆ ಸರ್, ಇಂಥಾ ಉತ್ತರಕ್ಕೇ ಈ ಥ್ರೆಡ್ ಶುರು ಮಾಡಿದ್ದು. ಇಟ್ಟಿಗೆ ಸೈಜ್ ನೋಡಿ ಕಾಲ ಹೇಳೋಕಾಗುತ್ತಾ? ಇಲ್ಲಿ 1784ರಿಂದ 1850ರವರೆಗೆ ಇಟ್ಟಿಗೆ ಮೇಲೆ ತೆರಿಗೆ ಇತ್ತು, ಸಾವಿರ ಇಟ್ಟಿಗೆಗೆ ಇಷ್ಟು ಅಂತ. ಎಣಿಕೆ ಮೇಲೆ ತೆರಿಗೆ ಅಂದ್ಮೇಲೆ ಕೆಲವರು ಇಟ್ಟಿಗೆನೇ ದೊಡ್ಡದು ಮಾಡಿದ್ರು, ಅದನ್ನ ತಡೆಯೋಕೆ ದೊಡ್ಡ ಇಟ್ಟಿಗೆಗೆ ಡಬಲ್ ತೆರಿಗೆ ಹಾಕಿದ್ರು.

ಕಮಾನುಕಟ್ಟೆ:

ಸೈಜ್ ಒಂದರ ಮ್ಯಾಲ ಹೇಳಬ್ಯಾಡ್ರಿ. ಇಂಗ್ಲೆಂಡಿನ ಉತ್ತರ ಭಾಗದಾಗ ಮೊದಲಿಂದನೂ ಇಟ್ಟಿಗಿ ದಕ್ಷಿಣಕ್ಕಿಂತ ಸ್ವಲ್ಪ ದಪ್ಪ. ಸ್ಟೇಷನ್ ಕೆಳಗಿನ ತುಂಡು 1870ರ ಸುಮಾರಿಂದು ಅಂತ ನೀವ ಹೇಳೀರಿ, ಅಂದ್ರ ತೆರಿಗಿ ಹೋಗಿ ಇಪ್ಪತ್ತು ವರ್ಷ ಆಗಿತ್ತು. ಅದನ್ನ ಅಳತಿಗೋಲು ಮಾಡ್ಕೋರಿ. ಗೊತ್ತಿದ್ದ ಕಾಲದ ಗ್ವಾಡಿಯೊಳಗ ನಾಲ್ಕು ಸಾಲಿನ ಎತ್ತರ ಗಾರಿ ಸಮೇತ ಅಳೀರಿ, ಗಾರಿ ಬಣ್ಣ ಬರಕೋರಿ, ಬಾಂಡ್ ಬರಕೋರಿ, ಆಮ್ಯಾಲೆ ಬ್ಯಾರೆ ತುಂಡಿಗೆ ಹೋಲಿಸ್ರಿ. ಫೋಟೋದಾಗ ಒಂದು ಅಳತಿ ಪಟ್ಟಿ ಗ್ವಾಡಿಗೆ ಒರಗಿಸಿ ಇಡ್ರಿ. ಮನುಷ್ಯಾನ್ನ ನಿಲ್ಸಿದ್ರ ಅಂದಾಜ ಸಿಗ್ತೈತಿ, ಪಟ್ಟಿ ಇಟ್ರ ಲೆಕ್ಕ ಸಿಗ್ತೈತಿ.

ಮತ್ತ ಒಂದು ಮರೀಬ್ಯಾಡ್ರಿ. ಎಲ್ಲರೂ ತಲಿ ಎತ್ತಿ ಕಮಾನು ನೋಡ್ತಾರ. ಇಂಥಾ ಕಟ್ಟಡ ಬೀಳೂದು ಹೆಚ್ಚಾಗಿ ಕಾಲಿನ ಕಡಿಂದ. ನೀರು ಗ್ವಾಡಿ ಬುಡದಾಗ ಕೊರದು ಕೊರದು ಅಡಿಪಾಯ ಟೊಳ್ಳು ಮಾಡ್ತೈತಿ. ನಿಮ್ಮ ಆಲ್ಬಂದಾಗ ಬುಡದ ಫೋಟೋ ಕಡಿಮಿ ಅದಾವ. ಮುಂದಿನ ಸರ್ತಿ ಗ್ವಾಡಿ ನೀರಿಗೆ ಮುಟ್ಟೂ ಗೆರಿ ಉದ್ದಕ್ಕೂ ತಗೀರಿ, ವಿಶೇಷ ತಿರುವಿನ ಹೊರಮಗ್ಗಲಿಂದು.

ಥೇಮ್ಸ್_ದಂಡೆ:

ಲಂಡನ್‌ನಿಂದ ನನ್ನದೊಂದು ಮಾತು. ಇಲ್ಲಿ ಫ್ಲೀಟ್ ನದಿ ಕಥೆನೂ ಇದೇ, ಹದಿನೆಂಟನೇ ಶತಮಾನದಲ್ಲೇ ಕೆಳಭಾಗ ಮುಚ್ಚಿದ್ರು, ಆಮೇಲೆ ಪೂರ್ತಿ ಚರಂಡಿ ಆಯ್ತು. ಅದರೊಳಗೆ ಇಳಿಯೋ ಪ್ರಶ್ನೆನೇ ಇಲ್ಲ, ಆದರೆ ಕ್ಲರ್ಕೆನ್‌ವೆಲ್‌ನ ರೇ ಸ್ಟ್ರೀಟ್‌ನಲ್ಲಿ ರಸ್ತೆ ಮಧ್ಯೆ ಒಂದು ಜಾಲರಿ ಇದೆ, ಗಾಡಿ ಇಲ್ದಾಗ ಬಗ್ಗಿ ಕಿವಿಗೊಟ್ರೆ ನೀರು ಹರಿಯೋದು ಚೆನ್ನಾಗಿ ಕೇಳುತ್ತೆ. ಇಲ್ಲಿರೋ ಕನ್ನಡದವರೆಲ್ಲ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಬಸವಣ್ಣನ ಪ್ರತಿಮೆ ಹತ್ರ ಹೋಗೇ ಹೋಗ್ತೀವಲ್ಲ, 2015ರಲ್ಲಿ ಅನಾವರಣ ಆದದ್ದು. ಆ ನದಿದಂಡೆ ಗೋಡೆ ಕಟ್ಟಿಸಿದ್ದು ಜೋಸೆಫ್ ಬ್ಯಾಝಲ್ಜೆಟ್, 1860ರ ದಶಕದಲ್ಲಿ. 1858ರ ಬೇಸಿಗೆಲಿ ಥೇಮ್ಸ್ ನಾತ ತಡೆಯೋಕಾಗದೆ ಪಾರ್ಲಿಮೆಂಟೇ ಒದ್ದಾಡಿದ್ಮೇಲೆ ಲಂಡನ್ನಿನ ದೊಡ್ಡ ಇಟ್ಟಿಗೆ ಒಳಚರಂಡಿ ಮಾಡಿಸಿದ ಎಂಜಿನಿಯರ್ ಅವರೇ. ಒಳಚರಂಡಿ ಇರೋದು ಮಾತ್ರ ಎದುರು ದಡದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಒಳಗೆ, ಬಸವಣ್ಣನ ಕಡೆ ಅಲ್ಲ. ಬಸವಣ್ಣನ ಹತ್ರ ನಿಂತು ನದಿ ಆಚೆ, ಹರಿವು ಹೋಗೋ ಕಡೆಗೆ ನೋಡಿದ್ರೆ, ಜನ ಓಡಾಡ್ತಿರೋ ಫುಟ್‌ಪಾತ್ ಕೆಳಗೇ ಅದು ಈಗ್ಲೂ ಕೆಲಸ ಮಾಡ್ತಿದೆ.

ದಾವಣಗೆರೆ_ಬ್ರಸೆಲ್ಸ್:

ಒಳಗೆ ಇಳಿದೇ ನೋಡಬೇಕು ಆದ್ರೆ ರಿಸ್ಕ್ ಬೇಡ ಅನ್ನೋರು ಬ್ರಸೆಲ್ಸ್‌ಗೆ ಬನ್ನಿ. ಇಲ್ಲಿ ಸೆನ್ ನದಿನ 1867ರಿಂದ 1871ರವರೆಗೆ ಊರ ಮಧ್ಯ ಪೂರ್ತಿ ಮುಚ್ಚಿ ಮೇಲೆ ದೊಡ್ಡ ಬುಲೆವಾರ್ಡ್ (ಅಗಲ ರಸ್ತೆ) ಮಾಡಿದ್ರು, ಆಗಿನ ಮೇಯರ್ ಜೂಲ್ಸ್ ಆನ್ಸ್‌ಪಾಕ್. ಹಿಂದಿನ ವರ್ಷ 1866ರಲ್ಲಿ ಕಾಲರಾ ಬಂದು ತುಂಬಾ ಜನ ಸತ್ತಿದ್ರು. ಈಗ ಆಂಡರ್‌ಲೆಕ್ಟ್ ಗೇಟ್ ಹತ್ರ ಒಳಚರಂಡಿ ಮ್ಯೂಸಿಯಂ ಇದೆ, ಟಿಕೆಟ್ ತಗೊಂಡು ಸೆನ್ ಪಕ್ಕದಲ್ಲೇ ಇಟ್ಟಿಗೆ ಕಮಾನಿನ ಕೆಳಗೆ ನಡೀಬಹುದು. ಮಕ್ಕಳನ್ನೂ ಕರ್ಕೊಂಡು ಹೋಗಿದ್ದೆ. ಟ್ರೈಪಾಡ್ ಬೇಕು ಅಂದ್ರೆ ಮೊದಲೇ ಕೇಳಿ.

ಬೆಳಕಿನಬೇಟೆ:

ಭೂಮಿ ಕೆಳಗಿನ ಫೋಟೋ ಅಂದ್ರೆ ಪ್ಯಾರಿಸ್‌ನ ನಾದಾರ್ ನೆನಪಾಗ್ತಾರೆ. 1860ರ ದಶಕದಲ್ಲಿ ಅಲ್ಲಿನ ಒಳಚರಂಡಿ ಮತ್ತೆ ಮೂಳೆ ತುಂಬಿದ ಸುರಂಗಗಳಲ್ಲಿ ಬ್ಯಾಟರಿಯಿಂದ ಉರಿಯೋ ಆರ್ಕ್ ಲೈಟ್ ಇಟ್ಟು ಫೋಟೋ ತೆಗೆದವರು. ಒಂದು ಎಕ್ಸ್‌ಪೋಶರ್‌ಗೆ 18 ನಿಮಿಷದವರೆಗೆ ಹಿಡೀತಿತ್ತಂತೆ, ಅಷ್ಟು ಹೊತ್ತು ಮನುಷ್ಯ ಅಲ್ಲಾಡದೆ ನಿಲ್ಲೋಕಾಗಲ್ಲ ಅಂತ ಕೆಲಸಗಾರರ ಬಟ್ಟೆ ಹಾಕಿದ ಬೊಂಬೆ ನಿಲ್ಸಿದ್ರು. ಈಗ ನಾವು 30 ಸೆಕೆಂಡಿಗೇ ಉದ್ದ ಅಂತೀವಿ.

ಸರ್, ಲೆನ್ಸ್ ಮಂಜಾಗೋದಕ್ಕೆ ಏನು ಮಾಡ್ತೀರಿ?

ತುಂಗಾತೀರ:

@ಬೆಳಕಿನಬೇಟೆ ಚಳಿಗಾಲದಲ್ಲಿ ತೊಂದ್ರೆ ಜಾಸ್ತಿ. ಹೊರಗೆ ಕ್ಯಾಮೆರಾ ತಣ್ಣಗಿರುತ್ತೆ, ಒಳಗಿನ ಗಾಳಿ ಅದಕ್ಕಿಂತ ಬೆಚ್ಚಗೆ, ತೇವ ಬೇರೆ, ಚೀಲದಿಂದ ತೆಗೆದ ತಕ್ಷಣ ಗಾಜಿನ ಮೇಲೆ ಹನಿ ಕೂರುತ್ತೆ. ಜಿಪ್ ಕವರಲ್ಲಿ ಗಾಳಿ ಆಡದಂಗೆ ಕಟ್ಟಿ ಒಳಗೆ ಕಾಲು ಗಂಟೆ ಹಾಗೇ ಬಿಡಿ, ಆಮೇಲೆ ತೆಗೀರಿ. ಒರೆಸೋ ಬಟ್ಟೆ ಎರಡು ಮೂರು ಇರ್ಲಿ, ಒಂದು ಒದ್ದೆ ಆದ್ರೆ ಅದರಿಂದ ಒರೆಸಿದಷ್ಟೂ ಗಲೀಜು. ನಿಮ್ಮ ಉಸಿರೂ ಬೆಳಕಲ್ಲಿ ಹೊಗೆ ಥರ ಬರುತ್ತೆ, ಶಟರ್ ತೆರೆದಿರೋವಾಗ ಕ್ಯಾಮೆರಾ ಹಿಂದೆ ನಿಂತು ಉಸಿರು ಪಕ್ಕಕ್ಕೆ ಬಿಡಿ.

ಇನ್ನೊಂದು ವಿಷ್ಯ, ಸ್ಟೀಲ್ ಉಲ್ಲನ್‌ಗೆ ಬೆಂಕಿ ಹಚ್ಚಿ ಗಿರಗಿರ ತಿರುಗಿಸಿ ಕಿಡಿ ಹಾರಿಸೋ ಫೋಟೋ ಕೆಲವರು ತೆಗೀತಾರೆ. ದಯವಿಟ್ಟು ಇಲ್ಲಿ ಬೇಡ. ಕಬ್ಬಿಣದ ಚೂರು ಹೊಳೆಗೆ ಬೀಳುತ್ತೆ, ಗೋಡೆ ಸುಡುತ್ತೆ, ಒಳಗೆ ಯಾವ ಅನಿಲ ಇದೆಯೋ ಗೊತ್ತಿರಲ್ಲ. ಬಾವಲಿ ಇರೋ ಸಂದು ಕಂಡ್ರೆ ಲೈಟ್ ಆ ಕಡೆ ತಿರುಗಿಸ್ಲೇಬೇಡಿ, ಬಾವಲಿ ತಂಗೋ ಜಾಗಕ್ಕೆ ಇಲ್ಲಿ ಕಾನೂನಿನ ರಕ್ಷಣೆ ಇದೆ.

ಕೆರೆಏರಿ:

ಬೆಂಗಳೂರಿಂದ ಓದ್ತಿದೀನಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆ ಜಾಗದಲ್ಲಿ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ ಜಾಗದಲ್ಲಿ. ನಮ್ಮಲ್ಲೂ ನೀರಿನ ಮೇಲೆ ಊರು ಕೂತಿದೆ. ಆದರೆ ನೀವು ಹೇಳೋದ್ರಲ್ಲಿ ಒಂದು ಅರ್ಥ ಆಗ್ಲಿಲ್ಲ, ಮುಚ್ಚಿ ನೂರೈವತ್ತು ವರ್ಷ ಆದ ಹೊಳೆ ಒಳಗೆ ಜೀವ ಏನಾದ್ರೂ ಇದ್ಯಾ, ಅಥವಾ ಬರೀ ಕೊಳಚೆನಾ? ಕೊಳಚೆ ಅಂದ್ರೆ ಅದರ ಫೋಟೋ ಇಟ್ಕೊಂಡು ಏನು ಮಾಡೋದು ಅಂತ.

ತುಂಗಾತೀರ:

@ಕೆರೆಏರಿ ಒಳ್ಳೇ ಪ್ರಶ್ನೆ, ಇದಕ್ಕೆ ಸಮಾಧಾನವಾಗಿ ಬರೀತೀನಿ.

ಶೆಫೀಲ್ಡ್ ಅಂದ್ರೆ ಉಕ್ಕಿನ ಊರು. ಮೊದಲು ಈ ಹೊಳೆಗಳ ನೀರಿನ ಚಕ್ರದಲ್ಲೇ ಸಾಣೆ ಕಲ್ಲು ತಿರುಗಿಸಿ ಚಾಕು, ಕುಡುಗೋಲು ಮಸೀತಿದ್ರು, ಆಮೇಲೆ ಕಾರ್ಖಾನೆ ಬೆಳೆದು ಡಾನ್ ನದಿ ಸತ್ತೇ ಹೋಯ್ತು. ಆ ಕಾಲದ ಒಂದು ಗುರುತು ಈಗಲೂ ಡಾನ್ ದಂಡೆಲಿದೆ: ಅಂಜೂರದ ಮರಗಳು. ಇಷ್ಟು ಚಳಿ ಊರಲ್ಲಿ ಅಂಜೂರ ತಾನಾಗೇ ಹುಟ್ಟೋದಿಲ್ಲ. ಜನ ತಿಂದ ಅಂಜೂರದ ಬೀಜ ಕೊಳಚೆ ಜೊತೆ ನದಿಗೆ ಬಂತು, ಉಕ್ಕಿನ ಕಾರ್ಖಾನೆಗಳು ತಂಪು ಮಾಡೋಕೆ ಬಳಸಿದ ನೀರು ವಾಪಸ್ ಬಿಟ್ಟು ನದಿ 20 ಡಿಗ್ರಿ ಹತ್ರ ಬೆಚ್ಚಗಿತ್ತು, ಬೀಜ ಮೊಳಕೆ ಒಡೀತು. ಕಾರ್ಖಾನೆ ನಿಂತ್ಮೇಲೆ ಹೊಸ ಗಿಡ ಹುಟ್ಟೋದು ನಿಂತಿತು, ಹಳೇ ಮರ ಉಳ್ಕೊಂಡಿದಾವೆ, ಊರವರು ಅವನ್ನ ಕಾಪಾಡ್ತಿದಾರೆ.

ನೀರು ಈಗ ತುಂಬಾ ಸುಧಾರಿಸಿದೆ. ಶೀಫ್, ಪೋರ್ಟರ್ ಎರಡರಲ್ಲೂ ಟ್ರೌಟ್ ಮೀನಿದೆ. ಪೋರ್ಟರ್ ಬ್ರೂಕ್‌ನ ಒಂದು ತುಂಡನ್ನ ಮಟಿಲ್ಡಾ ಸ್ಟ್ರೀಟಲ್ಲಿ 2016ರಲ್ಲಿ ಮುಚ್ಚಳ ತೆಗೆದು ಮೆಟ್ಟಿಲು ಮೆಟ್ಟಿಲಾಗಿ ಚಿಕ್ಕ ಪಾರ್ಕ್ ಮಾಡಿದಾರೆ, ಮಧ್ಯಾಹ್ನ ಊಟದ ಡಬ್ಬಿ ಹಿಡ್ಕೊಂಡು ಜನ ಅಲ್ಲಿ ಕೂರ್ತಾರೆ. ಶೀಫ್ ಡಾನ್‌ಗೆ ಸೇರೋ ಹತ್ರ, ಹಿಂದೆ ಶೆಫೀಲ್ಡ್ ಕೋಟೆ ಇದ್ದ ಕ್ಯಾಸಲ್‌ಗೇಟ್ ಅನ್ನೋ ಜಾಗ, ಅಲ್ಲಿ 2015ರಲ್ಲಿ ಹಳೇ ಮಾರ್ಕೆಟ್ ಕಟ್ಟಡ ಒಡೆದ್ರು, ಆಮೇಲೆ ಅಲ್ಲಿ ನದಿ ಮೇಲಿನ ಮುಚ್ಚಳ ತೆಗೆದು ಬಯಲಿಗೆ ತರೋ ಯೋಜನೆ ಹಾಕ್ಕೊಂಡ್ರು. ಇದಕ್ಕೋಸ್ಕರ ಇಲ್ಲಿನ ನದಿ ಟ್ರಸ್ಟ್‌ನವರು ವರ್ಷಗಟ್ಟಲೆ ಕೇಳ್ತಾ ಬಂದಿದಾರೆ, ನನಗೂ ಅದೇ ಬೇಕು.

ಅದಕ್ಕೇ ಫೋಟೋ ಬೇಕು. ಮುಚ್ಚಳ ತೆಗೀವಾಗ ಹಳೇ ಕೆಲಸದ ಒಂದಿಷ್ಟು ಹೋಗೇ ಹೋಗುತ್ತೆ, ಉಳಿದಿದ್ದಕ್ಕೂ ಹೊಸ ಕಾಂಕ್ರೀಟ್ ಬಳೀತಾರೆ. ಆ ಇಟ್ಟಿಗೆ ಇಟ್ಟೋರ ಹೆಸರು ಎಲ್ಲೂ ಬರೆದಿಲ್ಲ. ಅವರು ಎಲ್ಲಿ ನಿಲ್ಸಿದ್ರು, ಎಲ್ಲಿಂದ ಬೇರೆಯವರು ಮುಂದುವರ್ಸಿದ್ರು, ಎಲ್ಲಿ ದುಡ್ಡು ಉಳಿಸಿದ್ರು, ಎಲ್ಲಿ ಕಷ್ಟಪಟ್ಟು ಚೆನ್ನಾಗಿ ಮಾಡಿದ್ರು, ಅದೆಲ್ಲ ಗೋಡೆಲಿ ಮಾತ್ರ ಇದೆ. ನೆರಳು ಮನುಷ್ಯನ ಫೋಟೋ ಎಷ್ಟು ಸಾವಿರ ಇದ್ರೂ ನಾಳೆ ಯಾರಿಗೂ ಇದನ್ನ ಹೇಳೋಕಾಗಲ್ಲ. ಪಕ್ಕದ ಬೆಳಕು, ಅಳತೆ ಪಟ್ಟಿ, ಯಾವ ಜಾಗ, ಹರಿವಿನ ಮೇಲ್ಗಡೆ ನೋಡ್ತಿದೀವಾ ಕೆಳಗಡೆನಾ, ಇಷ್ಟು ಇರೋ ಫೋಟೋ ಹೇಳುತ್ತೆ.

ಬೆಂಗಳೂರಲ್ಲೂ ರಾಜಕಾಲುವೆ ಪಕ್ಕ ಹಳೇ ಕಲ್ಲುಕಟ್ಟಡ ಅಲ್ಲಲ್ಲಿ ಉಳ್ಕೊಂಡಿದೆ. ಅದಕ್ಕೆ ಒಳಗೆ ಇಳೀಬೇಕಿಲ್ಲ, ರಸ್ತೆ ಸೇತುವೆ ಮೇಲೆ ನಿಂತು ಬೆಳಗಿನ ಓರೆ ಬಿಸಿಲಲ್ಲಿ ತೆಗೆದ್ರೂ ಕಲ್ಲಿನ ಸಾಲು ಕಾಣುತ್ತೆ. ತಡೆಗೋಡೆ ಕಟ್ಟೋ ಮುಂಚೆ ತೆಗೆದಿಡಿ.

ಕೆರೆಏರಿ:

ಸರಿ ಸರ್, ಅರ್ಥ ಆಯ್ತು. ನಮ್ಮನೆ ಹತ್ರದ ಕಾಲುವೆಗೆ ಈ ಭಾನುವಾರ ಬೆಳಿಗ್ಗೆ ಹೋಗ್ತೀನಿ. ಮೊಬೈಲ್ ಸಾಕಾ?

ತುಂಗಾತೀರ:

ಧಾರಾಳ ಸಾಕು. ಬಿಸಿಲು ಗೋಡೆಗೆ ಎದುರಿಂದ ಬೀಳೋ ಹೊತ್ತು ಬಿಟ್ಟು ಪಕ್ಕದಿಂದ ಬೀಳೋ ಹೊತ್ತು ಆರ್ಸ್ಕೊಳ್ಳಿ, ಜೂಮ್ ಮಾಡೋ ಬದಲು ಹತ್ರ ಹೋಗಿ, ಲೊಕೇಶನ್ ಆನ್ ಇರ್ಲಿ. @ಕಮಾನುಕಟ್ಟೆ ಸರ್, ಸುತ್ತು ಬಿಟ್ಕೊಂಡಂಗೆ ಕಾಣೋ ಆ ಕಮಾನಿನ ರಾ ಫೈಲ್ ಇವತ್ತು ರಾತ್ರಿ ನಿಮಗೆ ಕಳಿಸ್ತೀನಿ, ಪರ್ಮಿಷನ್ ಕೊಟ್ಟ ಗೈಡ್‌ಗೂ ಆ ಜಾಗ ಗುರುತು ಮಾಡಿ ಹೇಳ್ತೀನಿ. ಬುಡದ ಫೋಟೋಗಳು ಮಾತ್ರ ಬೇಸಿಗೆವರೆಗೆ ಕಾಯಬೇಕು, ಈಗ ನೀರು ಮೇಲಿದೆ.

ಕಮಾನುಕಟ್ಟೆ:

ಕಳಸ್ರಿ, ನೋಡ್ತೀನಿ. ಬ್ಯಾಸಿಗ್ಯಾಗ ಹೋದಾಗ ಪಟ್ಟಿ ಜೋಡಿ ಒಂದು ಉದ್ದನ ಕೋಲೂ ಒಯ್ರಿ, ಗ್ವಾಡಿ ಬುಡದಾಗ ಚುಚ್ಚಿ ನೋಡಿದ್ರ ಎಷ್ಟು ಒಳಗ ಕೊರದೈತಿ ಅಂತ ತಿಳೀತೈತಿ. ಕೋಲು ಒಳಗ ಹೋದಷ್ಟು ಜಾಗಕ್ಕ ಗುರುತು ಹಾಕಿ ಅದರ ಫೋಟೋನೂ ತಗೀರಿ.